ಕಿವಿಯ ಸಾಕ್ಷಿ

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡಬೇಕೆಂದು ನಮ್ಮ ಹಿರಿಯರು ಹೇಳಿದರು. ಕಿವಿಯಾರೆ ಕೇಳಿದ್ದನ್ನು ಏನು ಮಾಡಬೇಕೆಂಬುದನ್ನು ಮಾತ್ರ ಹೇಳದೆ ಹೋದರು. ಕೇಳಿದ್ದನ್ನೆಲ್ಲ ನಂಬುವವನಿಗೆ ಗಾದೆಯ ಹಂಗೂ ಇರಲಾರದೆಂದು ಸುಮ್ಮನಾದರೋ ಏನೋ! ಕಳೆದ ಆಷಾಢದಲ್ಲಿ ಹತ್ತು ದಿನಗಳ ಕಾಲ ಕಿವಿಯ ಸಾಕ್ಷಿ ನುಡಿಯಲು ಕಟಕಟೆಯಲ್ಲಿ ನಿಲ್ಲುವ ಯೋಗ ನನಗೆ ಒದಗಿತು. ಆ ಮೊಕದ್ದಮೆಯ ವೃತ್ತಾಂತವನ್ನು ವಾಚಕರ ಮುಂದಿಡುವುದೇ ಈ ವಾರದ ಉದ್ದೇಶ.

ವಾದಿ ನನ್ನ ಸೋದರಳಿಯ, ತಂಗಿಯ ಮಗ. ವ್ಯಾಜ್ಯದ ವಸ್ತು ಎರಡು ಹೆಡ್‌ಫೋನುಗಳು. ನ್ಯಾಯಸ್ಥಾನ, ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿರುವ ನಮ್ಮ ಮನೆಯ ಮಹಡಿಯ ಕೋಣೆ.

ಹುಡುಗನೆಂದು ನಾನು ಈಗಲೂ ಕರೆಯುವ ಈ ಗೃಹಸ್ಥನಿಗೆ ನಲವತ್ತು ದಾಟಿದೆ. ಬೆಂಗಳೂರಿನಲ್ಲಿ ಇಂಜಿನಿಯರ್. ರಜೆ ಹಾಕಿ ಬಂದವನು ಊಟ ಮುಗಿಯುವುದಕ್ಕೂ ಬಿಡದೆ ಚೀಲದಿಂದ ಎರಡು ಹೆಡ್‌ಫೋನುಗಳನ್ನು ತೆಗೆದು ಮೇಜಿನ ಮೇಲಿಟ್ಟನು. ಎರಡೂ ಅವಳಿ ಮಕ್ಕಳಂತೆ. ಒಂದೇ ಬಣ್ಣ, ಒಂದೇ ಆಕಾರ.

"ಮಾವ, ಎರಡೂ ಕೇಳಿ ಯಾವುದು ಚೆಂದ ಐತಿ ಅಂತ ಹೇಳ್ರಿ. ನನ್ನ ಮುಖ ನೋಡಿ ಹೇಳಬ್ಯಾಡ್ರಿ" ಎಂದನು.

ಅವುಗಳಲ್ಲಿ ಒಂದು ಕಾರ್ಖಾನೆಯಿಂದ ಬಂದಂತೆಯೇ ಇದ್ದಿತು. ಇನ್ನೊಂದನ್ನು ಅವನು ಬಿಚ್ಚಿ, ಒಳಗೆ ಏನೇನೋ ತುಂಬಿ, ಮತ್ತೆ ಮುಚ್ಚಿದ್ದನು. ಯಾವುದು ಯಾವುದೆಂದು ಹೇಳಲಿಲ್ಲ.

ಇಲ್ಲಿ ವಸ್ತುವಿನ ಪರಿಚಯ ಅವಶ್ಯ. ಸಾಧಾರಣ ಹೆಡ್‌ಫೋನಿನೊಳಗೆ ಇರುವುದು ಒಂದು ಪುಟ್ಟ ಲೌಡ್‌ಸ್ಪೀಕರು. ಗುಮ್ಮಟದಂತಹ ಒಂದು ಪೊರೆ, ಅದರ ಬೆನ್ನಿಗೆ ಅಂಟಿದ ತಂತಿಯ ಸುರುಳಿ, ಸುರುಳಿಯ ಬಳಿ ಒಂದು ಅಯಸ್ಕಾಂತ. ವಿದ್ಯುತ್ತು ಹರಿದಂತೆಲ್ಲ ಸುರುಳಿ ಹಿಂದು ಮುಂದಾಗಿ ಪೊರೆಯನ್ನು ತಳ್ಳುತ್ತದೆ. ಆದರೆ ತಳ್ಳುವುದು ಸುರುಳಿ ಅಂಟಿದ ಜಾಗದಲ್ಲಿ ಮಾತ್ರ. ಪೊರೆಯ ಉಳಿದ ಭಾಗ ಅದರ ಹಿಂದೆ ಎಳೆದಾಡಿಕೊಂಡು ಹೋಗಬೇಕು. ನನ್ನ ಅಳಿಯ ತಂದವು 'ಪ್ಲೇನಾರ್ ಮ್ಯಾಗ್ನೆಟಿಕ್' ಎಂಬ ಬೇರೆಯೇ ಜಾತಿಗೆ ಸೇರಿದವು. ಇವುಗಳಲ್ಲಿ ಸುರುಳಿಯೇ ಇಲ್ಲ. ತಲೆಗೂದಲಿಗಿಂತ ತೆಳುವಾದ ಒಂದು ಚಪ್ಪಟೆ ಹಾಳೆಯ ಮೇಲೆ ಲೋಹದ ಗೆರೆಯೊಂದನ್ನು ಹಾವು ಹರಿದಂತೆ ಅತ್ತಿಂದಿತ್ತ ಹಾಯಿಸಿರುತ್ತಾರೆ. ಹಾಳೆಯ ಹಿಂದೆ ಮುಂದೆ ಅಯಸ್ಕಾಂತದ ಪಟ್ಟಿಗಳ ಸಾಲು; ಪಟ್ಟಿಗಳ ನಡುವೆ ಸದ್ದು ಹೊರಬೀಳಲು ಸಂದು. ಗೆರೆಯಲ್ಲಿ ವಿದ್ಯುತ್ತು ಹರಿದಾಗ ಹಾಳೆಗೆ ಹಾಳೆಯೇ ಒಟ್ಟಾಗಿ ಅಲುಗುತ್ತದೆ. ಮೊದಲನೆಯದು ಒಬ್ಬನು ಹಗ್ಗ ಹಿಡಿದು ಎಳೆಯುವ ತೇರಾದರೆ, ಇದು ಊರಿಗೆ ಊರೇ ಕೈಹಾಕಿದ ತೇರು. ಲಾಭವುಂಟು, ದಂಡವೂ ಉಂಟು. ಅಯಸ್ಕಾಂತಗಳಿಂದಾಗಿ ತೂಕ ಹೆಚ್ಚು. ಅನೇಕ ಮಾದರಿಗಳಿಗೆ ಮೊಬೈಲ್ ಫೋನಿನ ಶಕ್ತಿ ಸಾಲದೆ ಪ್ರತ್ಯೇಕವಾದ ಆಂಪ್ಲಿಫೈಯರು ಬೇಕಾಗುತ್ತದೆ.

ಕಿವಿಗೆ ಕಟ್ಟಿಕೊಳ್ಳುವ ಈ ಸಾಧನದ ಚರಿತ್ರೆಯಲ್ಲಿ ಮನೆಯ ಕೈಗೆಲಸಕ್ಕೆ ಮೊದಲಿನಿಂದಲೂ ಸ್ಥಾನವಿದೆ. ಅಮೆರಿಕದ ಯೂಟಾ ಪ್ರಾಂತ್ಯದ ನಥಾನಿಯೆಲ್ ಬಾಲ್ಡ್‌ವಿನ್ 1910ರಲ್ಲಿ ಅಲ್ಲಿನ ನೌಕಾದಳಕ್ಕೆ ಒದಗಿಸಿದ ಹೆಡ್‌ಫೋನುಗಳು ಅವನ ಮನೆಯ ಅಡಿಗೆಕೋಣೆಯಲ್ಲಿ ತಯಾರಾದಂಥವು. ಚಪ್ಪಟೆ ಹಾಳೆಯ ಜಾತಿ ಜನಪ್ರಿಯವಾದುದು 1970ರ ದಶಕದಲ್ಲಿ. ಜಪಾನಿನ ಯಮಹಾ ಕಂಪನಿ 1976ರಲ್ಲಿ ಹೊರತಂದ ಎಚ್‌ಪಿ-1 ಎಂಬುದಕ್ಕೆ ರೂಪ ಕೊಟ್ಟವನು ಇಟಲಿಯ ವಾಸ್ತುಶಿಲ್ಪಿ ಮಾರಿಯೋ ಬೆಲ್ಲಿನಿ. ಜಪಾನಿನದೇ ಆದ ಫೋಸ್ಟೆಕ್ಸ್ ಕಂಪನಿಯ ಟಿ50ಆರ್‌ಪಿ ಎಂಬ ಮಾದರಿಯಂತೂ ಬಿಚ್ಚಿ ತಿದ್ದುವ ಹವ್ಯಾಸಿಗಳಿಗೆ ಪ್ರಪಂಚದಾದ್ಯಂತ ಪಾಠದ ಹಲಗೆಯಾಯಿತು. ನಾಲ್ಕು ತಿರುಪು ಬಿಚ್ಚಿದರೆ ಒಳಗಿನದೆಲ್ಲ ಕೈಗೆ ಸಿಕ್ಕುವಂತಿರುವುದೇ ಅದರ ಕಾರಣ. ಅದನ್ನು ತಿದ್ದಿ ಮಾರುವುದನ್ನೇ ಉದ್ಯೋಗ ಮಾಡಿಕೊಂಡು ಮುಂದೆ ಸ್ವಂತ ಹೆಡ್‌ಫೋನುಗಳನ್ನು ತಯಾರಿಸಿದವರೂ ಉಂಟು.

ತಿದ್ದುವುದೆಂದರೆ ಏನು? ಹಾಳೆ ಮುಂದಕ್ಕೆ ಎಷ್ಟು ಸದ್ದು ಮಾಡುತ್ತದೆಯೋ ಹಿಂದಕ್ಕೂ ಅಷ್ಟೇ ಮಾಡುತ್ತದೆ. ಹಿಂದಿನ ಸದ್ದು ಬಟ್ಟಲಿನ ಗೋಡೆಗೆ ಬಡಿದು ಮರಳಿ, ತೆಳುವಾದ ಹಾಳೆಯನ್ನು ದಾಟಿ, ತಡವಾಗಿ ಕಿವಿಗೆ ಬರುತ್ತದೆ. ಖಾಲಿ ಕೊಡದಲ್ಲಿ ಮಾತನಾಡಿದಂತಹ ಒಂದು ಗುಣ ಇದರಿಂದ ಹುಟ್ಟುತ್ತದೆ. ಅದನ್ನಡಗಿಸಲು ಬಟ್ಟಲಿನೊಳಗೆ ಹತ್ತಿ ತುಂಬುತ್ತಾರೆ. ಗೋಡೆ ಅದುರದಂತೆ ಮಕ್ಕಳು ಬೊಂಬೆ ಮಾಡುವ ಮೇಣದಂಥ ಜೇಡಿಯನ್ನು ಮೆತ್ತುತ್ತಾರೆ. ಗಾಳಿಕಿಂಡಿಗಳನ್ನು ಪಟ್ಟಿ ಅಂಟಿಸಿ ಕಿರಿದು ಮಾಡುತ್ತಾರೆ. ಕಿವಿಗೆ ಒರಗುವ ಮೆತ್ತೆಯನ್ನು ಬದಲಿಸುತ್ತಾರೆ. ಹತ್ತಿ ಎಲ್ಲ ಸದ್ದನ್ನೂ ಒಂದೇ ಸಮನೆ ನುಂಗುವುದಿಲ್ಲ. 100 ಕಂಪನಗಳ ಮಂದ್ರ ಧ್ವನಿಯ ಅಲೆ ಗಾಳಿಯಲ್ಲಿ ಸುಮಾರು ಮೂರೂವರೆ ಮೀಟರು ಉದ್ದ. ಒಂದು ಹಿಡಿ ಹತ್ತಿ ಅದಕ್ಕೆ ಲೆಕ್ಕವೇ ಅಲ್ಲ. 5,000 ಕಂಪನಗಳ ಅಲೆಯಾದರೋ ಏಳು ಸೆಂಟಿಮೀಟರಿಗೂ ಕಡಿಮೆ. ಅದು ಹತ್ತಿಯಲ್ಲಿ ಸಿಕ್ಕಿಬೀಳುತ್ತದೆ.

"ಹತ್ತಿ ಎಲ್ಲಿಯದೋ?" ಎಂದು ಕೇಳಿದೆ.

"ನಮ್ಮೂರಿಂದೇ ಮಾವ. ಹೋದ ಸಲ ಬಂದಾಗ ಅತ್ತೆ ದೇವರ ಬತ್ತಿಗೆ ಇಟ್ಟಿದ್ದು ತಗೊಂಡು ಹೋಗಿದ್ದೆ" ಎಂದನು.

ಹತ್ತಿಯಿಂದಲೇ ಬದುಕಿದ ಊರು ನಮ್ಮದು. ಗಿರಣಿಗಳ ಕಾಲದಲ್ಲಿ ಇದನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ನಾನೂ ಒಂದು ಗಿರಣಿಯ ಮಗ್ಗದ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ಮೇಲ್ವಿಚಾರಣೆ ಮಾಡಿ, ಅದರ ಬಾಗಿಲು ಮುಚ್ಚಿದ ದಿನ ಹೊರಗೆ ಬಂದವನು. ಈ ಸಂಗತಿ ಮುಂದೆ ಬೇಕಾಗುತ್ತದೆ, ವಾಚಕರು ನೆನಪಿನಲ್ಲಿಡಬೇಕು.

ಮೊದಲನೆಯ ದಿನದ ವಿಚಾರಣೆಗೆ ಮಲ್ಲಿಕಾರ್ಜುನ ಮನ್ಸೂರರ ಗಾಯನವನ್ನು ಆರಿಸಿಕೊಂಡೆವು. ಎರಡು ತಂಬೂರಿಗಳ ನಾದದ ನಡುವೆ ಅವರು ಷಡ್ಜ ಹಚ್ಚಿದಾಗ ಕೋಣೆಯ ಗೋಡೆಗಳು ಹಿಂದಕ್ಕೆ ಸರಿದಂತಾಯಿತು. ಮೊದಲು ಒಂದನ್ನು ಧರಿಸಿದೆ, ಆಮೇಲೆ ಮತ್ತೊಂದನ್ನು. ಮೊದಲಿನದೇ ಸ್ಪಷ್ಟವೆಂದೂ, ಅದರಲ್ಲಿ ಜೀವವಿದೆಯೆಂದೂ, ಎರಡನೆಯದು ಕಂಬಳಿ ಹೊದ್ದು ಹಾಡಿದಂತಿದೆಯೆಂದೂ ತೀರ್ಪಿತ್ತೆ. ಅಳಿಯನ ಮುಖ ಸಪ್ಪಗಾಯಿತು. ನಾನು ಮೆಚ್ಚಿದ್ದು ತಿದ್ದದೆ ಬಿಟ್ಟದ್ದನ್ನು.

ರಾತ್ರಿಯೆಲ್ಲ ಯೋಚಿಸಿದ ಅವನು ಬೆಳಿಗ್ಗೆ ಮೇಲ್ಮನವಿ ಸಲ್ಲಿಸಿದನು. ತಿದ್ದಿದ್ದರಲ್ಲಿ ಹತ್ತಿ ಸೇರಿದ್ದರಿಂದ ಅದರ ಸದ್ದು ತುಸು ತಗ್ಗಿದೆ. ಗುಂಡಿಯನ್ನು ಒಂದೇ ಜಾಗದಲ್ಲಿಟ್ಟು ಕೇಳಿದರೆ ತಿದ್ದದ್ದು ಗಟ್ಟಿಯಾಗಿ ಕೇಳುತ್ತದೆ. ಮನುಷ್ಯನ ಕಿವಿಗೆ ಗಟ್ಟಿಯಾದದ್ದೇ ಚೆಂದವೆಂದು ತೋರುವುದು ಸಹಜವೆಂಬುದು ಅವನ ವಾದ. ವಾದ ಸರಿಯಾಗಿಯೇ ಇತ್ತು. ಒಂದು ಡೆಸಿಬೆಲ್ಲಿನಷ್ಟು ಅಂತರವಿದ್ದರೂ ಅದನ್ನು ನಾವು ಗಟ್ಟಿಯೆಂದು ಗುರುತಿಸದೆ ಉತ್ತಮವೆಂದು ಗುರುತಿಸಿಬಿಡುತ್ತೇವೆ. ಇದಲ್ಲದೆ, ಸದ್ದು ತಗ್ಗಿದಂತೆಲ್ಲ ಮಂದ್ರ ಧ್ವನಿಗಳು ಇತರ ಧ್ವನಿಗಳಿಗಿಂತ ಬೇಗ ಮರೆಯಾಗುತ್ತವೆಂಬುದನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿಯೇ ಅಳೆದು ತೋರಿಸಿದ್ದರು. ದಪ್ಪ ರಟ್ಟಿಗೆ ರಂಧ್ರ ಕೊರೆದು, ಅದರಲ್ಲಿ ಒಂದು ಸಣ್ಣ ಮೈಕನ್ನು ಕೂರಿಸಿ, ಹೆಡ್‌ಫೋನುಗಳನ್ನು ಒಂದೊಂದಾಗಿ ಅದರ ಮೇಲೊತ್ತಿ ಅಳೆದು, ಎರಡರ ಸದ್ದನ್ನೂ ಸಮ ಮಾಡಿದನು.

ಎರಡನೆಯ ದಿನ ನಾನು ಬೇರೆ ಆಕ್ಷೇಪಣೆ ಎತ್ತಿದೆ. ಗಂಗೂಬಾಯಿ ಹಾನಗಲ್ಲರ ಗಂಭೀರ ಕಂಠವನ್ನು ಕೇಳುತ್ತಿರುವಾಗ ಎರಡು ಹೆಡ್‌ಫೋನುಗಳಲ್ಲಿಯೂ ತಬಲಾದ ಎಡದ ಗುಮ್ಮೆಂಬ ನಾದ ಸಾಲದೆಂದು ತೋರಿತು. ಅಳಿಯ ನನ್ನನ್ನು ದಿಟ್ಟಿಸಿ ನೋಡಿ, ಏನೂ ಹೇಳದೆ, ನನ್ನ ಮೂಗಿನ ಮೇಲಿದ್ದ ಕನ್ನಡಕವನ್ನು ಕಳಚಿ ಮೇಜಿನ ಮೇಲಿಟ್ಟನು. ತಟಕ್ಕನೆ ತಬಲಾ ಕೋಣೆಯೊಳಗೆ ಬಂದಿತು! ಕನ್ನಡಕದ ಕಡ್ಡಿ ಮೆತ್ತೆಯನ್ನು ಎತ್ತಿ ಹಿಡಿದು ಕೂದಲೆಳೆಯಷ್ಟು ಸಂದು ಮಾಡಿದರೂ ಮಂದ್ರವೆಲ್ಲ ಆ ಸಂದಿನಲ್ಲಿ ಸೋರಿಹೋಗುತ್ತದೆ. ಐವತ್ತು ವರ್ಷದಿಂದ ಕಣ್ಣಿಗೆ ಉಪಕಾರ ಮಾಡಿದ ವಸ್ತು ಕಿವಿಗೆ ಅಪಕಾರ ಮಾಡಬಹುದೆಂದು ನಾನು ಎಣಿಸಿರಲಿಲ್ಲ.

ಮೂರನೆಯ ದಿನ ನಡೆದುದೇ ನಿಜವಾದ ಪರೀಕ್ಷೆ. ತಿದ್ದಿದ್ದರಲ್ಲಿ ಜೇಡಿಯ ಭಾರವಿದ್ದುದರಿಂದ ಇನ್ನೊಂದಕ್ಕೆ ಬಟ್ಟೆಯಲ್ಲಿ ನಾಣ್ಯ ಕಟ್ಟಿ ತೂಕ ಸಮ ಮಾಡಿದನು. ಎರಡಕ್ಕೂ ಒಂದೇ ಬಗೆಯ ಮೆತ್ತೆ ಹಾಕಿದನು. ನನ್ನ ಕಣ್ಣಿಗೆ ಪಂಚೆಯ ಚುಂಗು ಬಿಗಿದದ್ದಾಯಿತು. ನಮ್ಮ ಮನೆಯವರು ಮನಸ್ಸಿಗೆ ಬಂದ ಕ್ರಮದಲ್ಲಿ ಒಂದೊಂದನ್ನು ನನ್ನ ತಲೆಗೇರಿಸುತ್ತಿದ್ದರು. ಹತ್ತು ಸಲದಲ್ಲಿ ಒಂಬತ್ತು ಸಲ ನಾನು ಸರಿಯಾಗಿ ಗುರುತಿಸಿದೆ. ಒಂಬತ್ತು ಸಲವೂ ತಿದ್ದಿದ್ದನ್ನೇ ಮೆಚ್ಚಿದೆ. ಕೊಡದೊಳಗಿನ ಗುಣ ಮಾಯವಾಗಿ ಕಂಠವೊಂದೇ ಉಳಿದಿತ್ತು. ಮೊದಲನೆಯ ದಿನದ ತೀರ್ಪು ರದ್ದಾಯಿತು.

ಹುಡುಗ ಹಿಗ್ಗುವನೆಂದು ನೋಡಿದರೆ ಹಿಗ್ಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಮಾವ, ಇನ್ನೊಂದು ಕೇಳಬೇಕು. ಅದಕ್ಕೇ ನಿಮ್ಮ ಹತ್ರ ಬಂದಿದ್ದು" ಎಂದನು.

ಅದು ನನ್ನ ತಂಗಿಯ ಧ್ವನಿ.

1986ರಲ್ಲಿ ನಮ್ಮ ಮನೆಯ ಒಂದು ಮದುವೆಯಲ್ಲಿ ಅರಿಶಿನ ಹಚ್ಚುವ ಶಾಸ್ತ್ರದ ಹೊತ್ತಿಗೆ ಅವಳು ಸೋಬಾನೆ ಹೇಳಿದ್ದಳು. ಯಾರೋ ಟೇಪ್ ರೆಕಾರ್ಡರು ಒತ್ತಿದ್ದರು. ಮೂರೂವರೆ ನಿಮಿಷ. ಐದು ವರ್ಷದ ಮೇಲೆ ಅವಳು ತೀರಿಕೊಂಡಾಗ ಈ ಹುಡುಗನಿಗೆ ಏಳು ವರ್ಷ. ಅವಳ ಧ್ವನಿಯೆಂದು ಭೂಮಿಯ ಮೇಲೆ ಉಳಿದಿರುವುದು ಆ ಒಂದು ಕ್ಯಾಸೆಟ್ಟು ಮಾತ್ರ. ಅದು ಹಾಳಾಗುವ ಮುಂಚೆ ಅವನು ಕಂಪ್ಯೂಟರಿಗೆ ಇಳಿಸಿಟ್ಟಿದ್ದನು. ಆದರೆ ಅದರಲ್ಲಿ ಸದಾ ಮಳೆ ಸುರಿದಂತೆ ಟೇಪಿನ ಉಸ್ಸೆಂಬ ಸದ್ದು. ಆ ಮಳೆಯನ್ನು ತಗ್ಗಿಸಿ ತಾಯಿಯ ಕಂಠವನ್ನು ಕೇಳಬೇಕೆಂದೇ ಅವನು ಹೆಡ್‌ಫೋನು ಬಿಚ್ಚಿ ಹತ್ತಿ ತುಂಬಲು ತೊಡಗಿದ್ದನು. ಹವ್ಯಾಸವೆಂದು ನಾನು ನಗೆಯಾಡಿದ್ದರ ಹಿಂದೆ ಇದಿತ್ತು.

"ಅವ್ವನ ಧ್ವನಿ ನಿಜವಾಗಿ ಹೆಂಗಿತ್ತು ಅಂತ ನನಗೆ ಗೊತ್ತಿಲ್ಲ ಮಾವ. ನಿಮಗೆ ಗೊತ್ತೈತಿ. ಇದರಾಗೆ ಯಾವುದು ಆಕಿ ಧ್ವನಿ?"

ಇಂತಹ ಪ್ರಶ್ನೆಗೆ ಸಾಕ್ಷಿ ನುಡಿಯುವಾಗ ಯಾವ ಮನುಷ್ಯನ ಎದೆ ಅಳುಕದು? ಕನ್ನಡಕ ತೆಗೆದಿಟ್ಟೆ. ಎರಡರಲ್ಲಿಯೂ ನಾಲ್ಕು ನಾಲ್ಕು ಸಲ ಕೇಳಿದೆ. ತಿದ್ದದ್ದರಲ್ಲಿ ಅವಳ ಧ್ವನಿ ತೆಳುವಾಗಿ, ಮೂಗಿನಲ್ಲಿ ಹಾಡಿದಂತಿತ್ತು. ತಿದ್ದಿದ್ದರಲ್ಲಿ ಎದೆಯಿಂದ ಬಂದ ಧ್ವನಿ. ಸಾಲಿನ ಕೊನೆಯಲ್ಲಿ ತುಸು ಇಳಿಸುವ ಅವಳ ಅಭ್ಯಾಸ ಕೂಡ ನಿಚ್ಚಳವಾಗಿತ್ತು. "ಇದೇ" ಎಂದು ತಿದ್ದಿದ್ದನ್ನು ಎತ್ತಿ ಕೊಟ್ಟೆ. ನನ್ನ ಕಣ್ಣಿನಲ್ಲಿ ನೀರಿದ್ದಿತು. ಹುಡುಗ ಅದನ್ನು ಎದೆಗೊತ್ತಿಕೊಂಡನು. ಮೊಕದ್ದಮೆ ಮುಗಿಯಿತೆಂದೇ ಇಬ್ಬರೂ ತಿಳಿದೆವು.

ಮುಗಿದಿರಲಿಲ್ಲ. ಚಹಾ ತಂದ ನಮ್ಮ ಮನೆಯವರು ತಾವೂ ಕೇಳಬೇಕೆಂದು ಕುಳಿತರು. ನಾದಿನಿಯ ಹಾಡನ್ನು ಎರಡರಲ್ಲಿಯೂ ಕೇಳಿ, ತಿದ್ದಿದ್ದನ್ನು ಕಳಚಿ ಕೈಯಲ್ಲಿ ಹಿಡಿದು, "ಇದರಾಗೆ ಬಳೆ ಸದ್ದೇ ಇಲ್ಲಲ್ರೀ" ಎಂದರು.

"ಯಾವ ಬಳೆ?" ಎಂದೆ.

"ಅರಿಶಿನ ತೇಯ್ತಾ ಹಾಡಿದಾಳೆ. ಮದುವಿ ಮನಿ, ಕೈ ತುಂಬ ಹಸಿರು ಬಳೆ. ಅದರಾಗೆ ಗಲ್ ಗಲ್ ಅಂತ ಕೇಳ್ತತಿ. ಇದರಾಗೆ ಇಲ್ಲ. ನಿಮಗೆ ಕೇಳಲಿಲ್ಲೇನು?"

ನನಗೆ ಕೇಳಿರಲಿಲ್ಲ. ಮತ್ತೆ ಧರಿಸಿ ಕೇಳಿದೆ. ತಿದ್ದಿದ್ದರಲ್ಲಿಯೂ ಇಲ್ಲ, ತಿದ್ದದ್ದರಲ್ಲಿಯೂ ಇಲ್ಲ. ಅಷ್ಟೇ ಅಲ್ಲ; ಹುಡುಗ ತಿಂಗಳುಗಟ್ಟಲೆ ಹೋರಾಡಿದ ಆ ಟೇಪಿನ ಮಳೆಯೂ ನನ್ನ ಪಾಲಿಗೆ ಯಾವ ಹೆಡ್‌ಫೋನಿನಲ್ಲಿಯೂ ಸುರಿದಿರಲಿಲ್ಲ. ಅವನು ಹೇಳಿದ್ದರಿಂದ ಅದು ಇದೆಯೆಂದು ನಂಬಿದ್ದೆನಷ್ಟೆ.

ಅಳಿಯನ ಮುಖ ಬಿಳುಪೇರಿತು. ಅವಸರದಲ್ಲಿ ತಿದ್ದದ್ದನ್ನು ಕಿವಿಗೇರಿಸಿಕೊಂಡು ಕಣ್ಣು ಮುಚ್ಚಿದನು. ಹಾಡು ಮುಗಿಯುವ ತನಕ ಅಲುಗಲಿಲ್ಲ. ಆಮೇಲೆ ಮೆಲ್ಲನೆ ಹೇಳಿದನು: "ಅವ್ವನ ಮುಖ ನನಗೆ ಫೋಟೋದಾಗಿಂದೇ ನೆನಪು. ಆದರ ನಸುಕಿನಾಗೆ ಹಾಸಿಗ್ಯಾಗೆ ಮಲಗಿರುವಾಗ ಅಡಿಗೆಮನಿಯಿಂದ ಬಳೆ ಸದ್ದು ಬರ್ತಿತ್ತು. ಅದೊಂದು ಮಾತ್ರ ನನ್ನದೇ ನೆನಪು ಮಾವ. ಮಳಿ ನಿಲ್ಲಸಾಕ ಹೋಗಿ ನಾನು ಅದನ್ನೇ ಹತ್ತಿಯಾಗೆ ಮುಚ್ಚಿಬಿಟ್ಟಿದ್ದೆ."

ಉಸ್ಸೆಂಬ ಸದ್ದೂ ಗಾಜಿನ ಬಳೆಯ ಸದ್ದೂ ತಾರದಲ್ಲಿ ಒಂದೇ ಓಣಿಯ ನಿವಾಸಿಗಳು. ಒಬ್ಬನನ್ನು ಹೊರಗೆ ಹಾಕಲು ಬಾಗಿಲು ಹಾಕಿದರೆ ಇನ್ನೊಬ್ಬನೂ ಹೊರಗುಳಿಯುತ್ತಾನೆ. ಹತ್ತಿಗೆ ಕಸ ಯಾವುದು, ಒಡವೆ ಯಾವುದು ಎಂಬ ವಿವೇಕವಿಲ್ಲ.

ಮರುವಾರ ನಾನು ಕಿವಿಯ ಡಾಕ್ಟರಲ್ಲಿಗೆ ಹೋದೆ. ನಮ್ಮ ಮನೆಯವರು ಹತ್ತು ವರ್ಷದಿಂದ ಹೇಳುತ್ತಿದ್ದುದನ್ನು ಅವರ ಯಂತ್ರ ಹತ್ತು ನಿಮಿಷದಲ್ಲಿ ಬರೆದು ತೋರಿಸಿತು. 3,000 ಕಂಪನಗಳವರೆಗೆ ವಯಸ್ಸಿಗೆ ತಕ್ಕ ಕಿವಿ. 4,000ದ ಬಳಿ ಗೆರೆ ಹಳ್ಳಕ್ಕಿಳಿದಿತ್ತು. ಅದರಾಚೆ ಏರಲೇ ಇಲ್ಲ. ಮುಪ್ಪು ಮೇಲಿನ ಸ್ವರಗಳನ್ನು ಮೊದಲು ಕಸಿಯುತ್ತದೆ. ಗದ್ದಲವಾದರೋ 4,000ದ ಸುತ್ತಮುತ್ತ ಮೊದಲ ಗಾಯ ಮಾಡುತ್ತದೆ. "ಎಲ್ಲಿ ಕೆಲಸ ಮಾಡುತ್ತಿದ್ದಿರಿ?" ಎಂದು ಡಾಕ್ಟರು ಕೇಳಿದರು. ಮಗ್ಗದ ಶೆಡ್ಡಿನಲ್ಲಿ 90 ಡೆಸಿಬೆಲ್ ದಾಟುವುದು ಸಾಮಾನ್ಯ. ದಿನಕ್ಕೆ ಎಂಟು ಗಂಟೆ 85ನ್ನು ಮೀರಬಾರದೆಂದು ಈಗಿನವರು ಹೇಳುತ್ತಾರೆ. ಅಂದು ನಾವು ಕಿವಿಗಿಟ್ಟುಕೊಳ್ಳುವುದಕ್ಕೆ ಸುತ್ತಲೂ ಬಿದ್ದಿದ್ದ ಹತ್ತಿ ಸಾಕಷ್ಟಿತ್ತು. ಇಟ್ಟುಕೊಂಡವನನ್ನು ಹೆಂಗಸೆಂದು ಹಾಸ್ಯ ಮಾಡುತ್ತಿದ್ದೆವು. ಹಾಸ್ಯ ಮಾಡಿದವರಲ್ಲಿ ನಾನು ಮುಂದಾಳು.

ಮನೆಗೆ ಬಂದಾಗ ಅಳಿಯ ಹೆಡ್‌ಫೋನನ್ನು ಮತ್ತೆ ಬಿಚ್ಚಿದ್ದನು. ಈ ಸಲ ಅವನ ಕ್ರಮ ಬೇರೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಚಿಟಿಕೆ ಚಿಟಿಕೆಯಾಗಿ ಹತ್ತಿ ತೆಗೆಯುವುದು, ಮುಚ್ಚುವುದು, ಸದ್ದು ಸಮ ಮಾಡುವುದು, ಕೇಳುವುದು. ಕಂಠ ಕೊಡದೊಳಕ್ಕೆ ಮರಳಿತೇ ಎಂದು ಹೇಳಲು ನಾನು. ಬಳೆ ಮರಳಿತೇ ಎಂದು ಹೇಳಲು ಅವನ ಅತ್ತೆ.

ಅದನ್ನು ನೋಡುತ್ತಿದ್ದಾಗ ನನಗೆ ತಂಬೂರಿಯ ನೆನಪಾಯಿತು. ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿ ನೂಲಿನ ಎಳೆಯೊಂದನ್ನು ಸೇರಿಸಿ, ಕೂದಲೆಳೆಯಷ್ಟು ಅತ್ತ ಇತ್ತ ಸರಿಸುತ್ತ, ಒಂದು ಗಳಿಗೆಯಲ್ಲಿ ನಾದ ಅರಳುವುದನ್ನು ಹಿಡಿಯುತ್ತಾರಷ್ಟೆ? ಸರ್ ಸಿ. ವಿ. ರಾಮನ್ನರು ಆ ಕುದುರೆಯ ಚಮತ್ಕಾರವನ್ನು ಕುರಿತು 1921ರಲ್ಲಿ ಬರೆದರು. ಸಾಮಾನ್ಯ ತಂತಿಯಲ್ಲಿ ನಿಯಮದ ಪ್ರಕಾರ ಕೇಳಬಾರದ ಉಪಸ್ವರಗಳು ಕೂಡ ತಂಬೂರಿಯಲ್ಲಿ ತುಂಬಿ ಕೇಳುತ್ತವೆಂದು ಅವರು ತೋರಿಸಿಕೊಟ್ಟರು. ಎಳೆ ಹೆಚ್ಚು ಸರಿದರೆ ನಾದ ಸತ್ತಂತೆ. ಸರಿಯದಿದ್ದರೆ ಹುಟ್ಟಿಯೇ ಇಲ್ಲ. ಒಂದು ನೂಲೆಳೆಯನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಪುಸ್ತಕ ಹೇಳಲಾರದು, ಕಿವಿ ಹೇಳಬೇಕು.

ಸುಮಾರು ಅರ್ಧ ಹತ್ತಿ ಹೊರಬಂದಾಗ ನಮ್ಮ ಮನೆಯವರು ಕೈಯೆತ್ತಿದರು, ಬಳೆ ಬಂದಿತ್ತು. ನಾನು ಕೇಳಿದೆ, ಕಂಠ ಕೆಟ್ಟಿರಲಿಲ್ಲ. ಟೇಪಿನ ಮಳೆ ತುಂತುರಾಗಿ ಉಳಿಯಿತಂತೆ. "ಇರಲಿ, ಮಳಿ ಬರೋ ಊರಾಗೇ ಅವ್ವ ಇದ್ದಿದ್ದು" ಎಂದು ಹುಡುಗ ನಕ್ಕನು.

ಇಂತಹ ವ್ಯವಹಾರಕ್ಕೆ ಕೈಹಾಕುವ ವಾಚಕರಿಗೆ ನನ್ನ ಅನುಭವದ ಸಾರವನ್ನು ಒಪ್ಪಿಸುತ್ತೇನೆ. ಎರಡು ಸಾಧನಗಳನ್ನು ಹೋಲಿಸುವ ಮುಂಚೆ ಸದ್ದನ್ನು ಸಮ ಮಾಡಿಕೊಳ್ಳಿ. ಕನ್ನಡಕ ತೆಗೆದಿಡಿ. ಯಾವುದು ಯಾವುದೆಂದು ತಿಳಿಯದಂತೆ ಕೇಳಿ. ತಿದ್ದುವುದಾದರೆ ಒಂದು ಸಲಕ್ಕೆ ಒಂದನ್ನೇ ತಿದ್ದಿ. ಮೂಲದ ಪ್ರತಿಯನ್ನು ಮಾತ್ರ ಎಂದಿಗೂ ತಿದ್ದಬೇಡಿ. ಹಾಗೆಯೇ ನಿಮ್ಮ ಕಿವಿಯನ್ನು ಎಷ್ಟು ನಂಬಬಹುದೆಂದು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ. ಕಿವಿಗೆ ಹೆಡ್‌ಫೋನು ಕಟ್ಟಿಕೊಂಡೇ ತಿರುಗುವ ತರುಣರಿಗೆ ಇನ್ನೊಂದು ಮಾತು: 80 ಡೆಸಿಬೆಲ್ಲಿನಲ್ಲಿ ವಾರಕ್ಕೆ 40 ಗಂಟೆ ದಾಟಬೇಡಿರೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ನಮ್ಮ ಕಾಲಕ್ಕೆ ಗಿರಣಿ ಸಂಬಳ ಕೊಟ್ಟು ಕಿವಿ ತೆಗೆದುಕೊಂಡಿತು. ನೀವು ಸ್ವಂತ ದುಡ್ಡು ಕೊಟ್ಟು ಕಳೆದುಕೊಳ್ಳಬೇಡಿ.

ಹೊರಡುವ ದಿನ ಹುಡುಗ ತಿದ್ದಿದ ಹೆಡ್‌ಫೋನನ್ನು ತಾನಿಟ್ಟುಕೊಂಡು, ಇನ್ನೊಂದನ್ನು ನನಗೆ ಬಿಟ್ಟುಹೋದನು. ಆಗಾಗ ಅದರಲ್ಲಿ ತಂಗಿಯ ಹಾಡು ಕೇಳುತ್ತೇನೆ. ಹಾಡಿನ ನಡುವೆ, ಅರಿಶಿನ ತೇಯುವ ಜಾಗದಲ್ಲಿ, ನಮ್ಮ ಮನೆಯವರು ಎದುರಿಗೆ ಕುಳಿತು ಕೈಯನ್ನು ಮೆಲ್ಲನೆ ಅಲುಗಿಸಿ ತೋರಿಸುತ್ತಾರೆ: ಈಗ ಬಳೆ, ಈಗ ಬಳೆ ಎಂದು.